ಬಲರೆಕ್ಕೆಯ ಹಗ್ಗ

ಆ ವಿಮಾನ ಬಿಳಿ ಬಣ್ಣದ್ದೆಂದು ನನ್ನ ನೆನಪು. ಚಿಕ್ಕಪ್ಪ ಹಳದಿ ಎನ್ನುತ್ತಾರೆ. ಯಾವ ವರ್ಷವೆಂಬುದೂ ಖಚಿತವಿಲ್ಲ. ಎಪ್ಪತ್ತರ ದಶಕದ ಕೊನೆ, ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದು ಒಂದು ವರ್ಷವಾಗಿತ್ತು. ಆಗಿನ ದಿನಚರಿ ಈಗಲೂ ನನ್ನ ಬಳಿ ಉಂಟು. ಆದರೆ ನನಗೆ ಬೇಕಾದ ದಿನದ ಪುಟದಲ್ಲಿ ಎರಡೇ ಮಾತು: "ತಲೆನೋವು. ಗಾಳಿ." ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ, ತಪ್ಪಿರಬಹುದು.

ಮಣಿಪಾಲದಿಂದ ಕಾರ್ಕಳದ ಕಡೆಗೆ ಹೋಗುವಾಗ ಸಿಗುವ ಒಂದು ದೊಡ್ಡ ಪಾದೆಯ ಅಂಚಿನಲ್ಲಿ ನಮ್ಮ ಮನೆ. ಮರವಿಲ್ಲದ, ಚಪ್ಪಟೆಯಾದ ಕೆಂಪುಕಲ್ಲಿನ ಬಯಲು ಅದು. ಅಪ್ಪ ಅಲ್ಲಿನ ಕಲ್ಲು ಕಡಿಯುವ ಕೋರೆಯ ಮೇಸ್ತ್ರಿ. ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಮೇ ತಿಂಗಳ ಕೊನೆಗೆ ಕೋರೆಯ ಕೆಲಸದವರು ಊರಿಗೆ ಹೋದ ಮೇಲೆ ಮಾತಾಡಲು ಅಪ್ಪ ಬಿಟ್ಟರೆ ಯಾರೂ ಇಲ್ಲ. ಅಪ್ಪ ಹೆಚ್ಚು ಮಾತಾಡುವವರಲ್ಲ. ಅರ್ಜಿ ಹಾಕಿದ ಕಾಲೇಜುಗಳಿಂದ ಕಾಗದ ಬಂದಿದೆಯಾ ಎಂದು ಕೇಳಲು ನಾನು ದಿನಾ ಬಸ್ಸು ನಿಲ್ಲುವಲ್ಲಿನ ಅಂಗಡಿಗೆ ನಡೆದು ಹೋಗುತ್ತಿದ್ದೆ. ಕೆಲವು ದಿನ ನನ್ನ ಸ್ವರ ನನಗೇ ಕೇಳಿಸುತ್ತಿದ್ದದ್ದು ಆ ಅಂಗಡಿಯಲ್ಲಿ ಮಾತ್ರ.

ಅಂಥ ಒಂದು ಬೆಳಿಗ್ಗೆ ಆ ಸಣ್ಣ ವಿಮಾನ ಪಾದೆಯ ಮೇಲೆ ಇಳಿಯಿತು. ಎಂಜಿನ್ನಿನಿಂದ ಎಣ್ಣೆ ಸೋರುತ್ತಿತ್ತಂತೆ. ಒಳಗಿದ್ದವರು ಒಬ್ಬರೇ, ಬೊಂಬಾಯಿಯ ಪೈಲಟ್. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅವರಿಗೆ ತುಳುವೂ ಇಲ್ಲ, ಕನ್ನಡವೂ ಇಲ್ಲ. ನಡುವೆ ನಾನು. ಬಿಡಿಭಾಗಕ್ಕಾಗಿ ಬೊಂಬಾಯಿಗೆ ಹೋಗಿ ಬರಬೇಕು, ಅಷ್ಟರಲ್ಲಿ ಮಳೆಗಾಲದ ಗಾಳಿ ಎದ್ದರೆ ವಿಮಾನ ಮಗುಚುತ್ತದೆ, ಗಟ್ಟಿಯಾಗಿ ಕಟ್ಟಿ ನಿಲ್ಲಿಸಬೇಕು ಎಂದರು ಅವರು.

"ಅದು ನನ್ನ ಕೆಲಸ ಅಂತ ಹೇಳು," ಎಂದರು ಅಪ್ಪ.

ಹೇಳಿದೆ. ಅದರ ಹಿಂದಿನ ಕಥೆಯನ್ನು ಹೇಳಲಿಲ್ಲ. ಅಪ್ಪ ಮೊದಲು ಹಂಚು ಸಾಗಿಸುವ ಹಾಯಿಹಡಗಿನಲ್ಲಿದ್ದವರು. ಒಂದು ವರ್ಷ ಮಳೆಗಾಲದ ಮೊದಲ ಗಾಳಿಗೆ, ಕಾಪುವಿನ ಹತ್ತಿರ, ಅವರು ಕಟ್ಟಿದ ಹಗ್ಗ ಬಿಚ್ಚಿಕೊಂಡು ಹಡಗು ಬಂಡೆಗೆ ಬಡಿಯಿತು. ಯಾರೂ ಸಾಯಲಿಲ್ಲ. ಆದರೆ ಆಮೇಲೆ ಯಾವ ಹಡಗಿನವರೂ ಅವರನ್ನು ಕರೆಯಲಿಲ್ಲ. ಸಮುದ್ರದಲ್ಲಿದ್ದವರು ಕಲ್ಲಿನ ಕೆಲಸಕ್ಕೆ ಬಂದದ್ದು ಹಾಗೆ. ತಾವು ಕಟ್ಟಿದ ಹಗ್ಗ ನಿಲ್ಲುತ್ತದೆ ಎಂದು ಅವರಿಗೆ ಇನ್ನೊಮ್ಮೆ ತೋರಿಸಬೇಕಿತ್ತು.

ಪಾದೆಗೆ ಗೂಟ ಇಳಿಯುವುದಿಲ್ಲ. ಅಪ್ಪ ಎರಡು ರೆಕ್ಕೆಗಳ ಕೆಳಗೂ ಬಾಲದ ಕೆಳಗೂ ಜೋಡಿ ತೂತು ಕೊರೆದರು. ಓರೆಯಾಗಿ ಇಳಿದ ತೂತುಗಳು ಒಳಗೆ ಒಂದನ್ನೊಂದು ಸೇರಿದರೆ ಮೇಲೆ ಉಳಿದ ಕಲ್ಲೇ ಬಳೆಯಾಗುತ್ತದೆ. ಅದರೊಳಗಿಂದ ಹಗ್ಗ ತೂರಿಸಿ ರೆಕ್ಕೆಯ ಅಡಿಯ ಕಬ್ಬಿಣದ ಕೊಂಡಿಗೆ ಕಟ್ಟುವುದು. ಪೈಲಟ್ ವಿಮಾನದ ಮೂತಿಯನ್ನು ಪಶ್ಚಿಮಕ್ಕೆ ತಿರುಗಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲಿಟ್ಟರು.

ಕಟಪಾಡಿಯಿಂದ ಸೈಕಲ್ಲಿನಲ್ಲಿ ಬಂದ ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ವಿಮಾನಕ್ಕೆ ಒಂದು ಸುತ್ತು ಬಂದರು.

"ಅಣ್ಣ, ಇದಕ್ಕೆ ದಿನಕ್ಕೆ ಎಷ್ಟು ಹುಲ್ಲು ಬೇಕು?"

"ನಿನ್ನಷ್ಟು ಬೇಡ."

"ಅಲ್ಲ ಮಾರಾಯ್ರೆ, ಹಡಗು ಆಯಿತು, ವಿಮಾನ ಆಯಿತು. ಇದೂ ಹೋದರೆ ಮುಂದೆ ಎಂತ? ನಮ್ಮಲ್ಲಿ ರೈಲೂ ಇಲ್ಲ."

ಅಪ್ಪ ನಗಲಿಲ್ಲ. ಏನು ಹೇಳುತ್ತಿದ್ದಾರೆ ಎಂದು ಪೈಲಟ್ ಕೇಳಿದರು. ಎಂಜಿನ್ ಬಗ್ಗೆ ಕೇಳುತ್ತಿದ್ದಾರೆ ಎಂದೆ.

ಅಪ್ಪ ಹಗ್ಗಗಳನ್ನು ನೀರಿನಲ್ಲಿ ನೆನೆಸಿ ಕಟ್ಟಿದರು. ನಾರಿನ ಹಗ್ಗ ನೆನೆದರೆ ಗಿಡ್ಡವಾಗುತ್ತದೆ. ಒಣಗಿದ್ದನ್ನೇ ಬಿಗಿದರೆ ಮಳೆ ಬಂದಾಗ ಅದು ಜಗ್ಗಿ ರೆಕ್ಕೆ ಮುರಿಯಬಹುದು. ಪೈಲಟ್ ಮೆಚ್ಚಿ ಅವರ ಭುಜ ತಟ್ಟಿದರು. ಸಮುದ್ರದಲ್ಲಿ ಅದು ಸರಿ, ಅಲ್ಲಿ ಹಗ್ಗ ಒಣಗುವುದೇ ಇಲ್ಲ. ಪಾದೆಯ ಬಿಸಿಲಿಗೆ ಒಂದೇ ದಿನದಲ್ಲಿ ಒಣಗಿ ಸಡಿಲವಾಯಿತು, ಹಾಗೇ ಬಿಟ್ಟರೆ ಗಾಳಿಗೆ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ಅದು ಗೊತ್ತಾಗುವಾಗ ಪೈಲಟ್ ಬಸ್ಸು ಹತ್ತಿಯಾಗಿತ್ತು. ಹಾಗಾಗಿ ದಿನಾ ನಾಲ್ಕು ಗಂಟೆಗೆ ನೀರು ಹೊತ್ತು ಹೋಗಿ, ಹಗ್ಗ ಬಿಚ್ಚಿ, ನೆನೆಸಿ, ಮತ್ತೆ ಬಿಗಿಯಬೇಕಾಯಿತು. ಎಡರೆಕ್ಕೆ ಮತ್ತು ಬಾಲ ಅಪ್ಪನ ಪಾಲು, ಬಲರೆಕ್ಕೆ ನನ್ನದು. ಗಂಟು ಹಾಕುವುದನ್ನು ಅವರೇ ಕಲಿಸಿದರು.

ಆ ಐದಾರು ದಿನ ನಾನು ರೆಕ್ಕೆಯ ನೆರಳಿನಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಓದಿದ್ದು ಕಡಿಮೆ. ಪೈಲಟ್ ಜೊತೆ ಎರಡು ದಿನ ಆಡಿದ ಮಾತನ್ನು ಮನಸ್ಸಿನಲ್ಲೇ ಮುಂದುವರಿಸುತ್ತಿದ್ದೆ, ಅವರು ಕೇಳದ ಪ್ರಶ್ನೆಗಳಿಗೂ ಉತ್ತರ ಕೊಡುತ್ತಿದ್ದೆ. ಅದು ಪ್ರೀತಿಯಲ್ಲ, ಅಷ್ಟರ ಮಟ್ಟಿಗೆ ನನ್ನನ್ನು ನಂಬುತ್ತೇನೆ. ಎರಡು ದಿನ ಯಾರಿಗೋ ನನ್ನ ಮಾತು ಬೇಕಾಗಿತ್ತು, ಅಷ್ಟೇ.

ಗಾಳಿ ಬಂದ ದಿನ ನನಗೆ ತಲೆನೋವು. ನಾಲ್ಕು ಗಂಟೆಗೆ ಅಪ್ಪ ಕರೆದಾಗ, "ನೀವು ಹೋಗಿ, ನನ್ನದನ್ನು ಆಮೇಲೆ ಬಿಗಿಯುತ್ತೇನೆ," ಎಂದೆ. ಆಮೇಲೆ ಹೋದೆ ಎಂದೇ ನನ್ನ ನೆನಪು. ಸೊಂಟದ ಮೇಲೆ ಕೊಡ, ಒದ್ದೆ ಹಗ್ಗದ ವಾಸನೆ, ಅಂಗೈಗೆ ಚುಚ್ಚುವ ನಾರು, ಎಲ್ಲ ನೆನಪುಂಟು. ಆದರೆ ಅವೆಲ್ಲ ದಿನಾ ಇದ್ದವು. ಅದರ ಹಿಂದಿನ ಯಾವುದೋ ದಿನದ್ದನ್ನು ನಾನು ಆ ದಿನಕ್ಕೆ ಅಂಟಿಸಿಕೊಂಡಿಲ್ಲ ಎಂದು ಹೇಗೆ ಹೇಳಲಿ?

ಐದೂವರೆಯ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಎದ್ದಿತು. ನಮ್ಮ ಮಾಡಿನ ಹಂಚು ಹಾರಿತು. ಆ ದಿನವೂ ಬಂದಿದ್ದ ಚಿಕ್ಕಪ್ಪ ಮತ್ತು ಅಪ್ಪ ಮೊದಲು ಓಡಿದರು. ಮಳೆಗೆ ಕಣ್ಣು ಕಾಣದೆ ನಾನು ಹಿಂದೆ ಬಿದ್ದೆ. ತಲುಪುವಾಗ ಬಲರೆಕ್ಕೆ ಆಕಾಶಕ್ಕೆ ಎದ್ದಿತ್ತು, ಎಡರೆಕ್ಕೆಯ ತುದಿ ಕಲ್ಲಿಗೆ ಬಡಿದು ಮಡಚಿಹೋಗಿತ್ತು. ಬಲಗಡೆಯ ಹಗ್ಗವನ್ನು ಅಪ್ಪ ಆಗಲೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮರುದಿನ ಅದು ಮನೆಯಲ್ಲಿ ಎಲ್ಲೂ ಕಾಣಲಿಲ್ಲ.

ಪೈಲಟ್ ವಾಪಸ್ಸು ಬಂದು ಬಲರೆಕ್ಕೆಯ ಖಾಲಿ ಕೊಂಡಿಯನ್ನು ಮುಟ್ಟಿ ನೋಡಿದರು. ಅಪ್ಪ ನನ್ನ ಕಡೆ ನೋಡದೆ ಹೇಳಿದರು: "ಬಲಗಡೆಯದನ್ನು ಕಟ್ಟಿದ್ದು ನಾನು ಅಂತ ಹೇಳು."

ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಈಗಲೂ ನನಗೆ ನಾಚಿಕೆಯಾಗುವುದು ಎಷ್ಟು ಸಲೀಸಾಗಿ ಹೇಳಿದೆ ಎಂಬುದಕ್ಕೆ.

ರೆಕ್ಕೆಗಳನ್ನು ಬಿಚ್ಚಿ ವಿಮಾನವನ್ನು ಲಾರಿಯಲ್ಲಿ ಒಯ್ದರು. ಸುದ್ದಿ ಕಾಪುವಿಗೂ ಹೋಯಿತು. ಮುಂದೆ ಅಪ್ಪ ಬಾವಿಯ ಹಗ್ಗ ಬದಲಿಸುವುದಿದ್ದರೂ ಬೇರೆಯವರನ್ನು ಕರೆಯುತ್ತಿದ್ದರು. ನಾನು ಮನೆಯಲ್ಲೇ ಇದ್ದೆ, ನನ್ನನ್ನು ಮಾತ್ರ ಕರೆಯಲಿಲ್ಲ.

ಅಪ್ಪ ಈಗ ಇಲ್ಲ. ಅವರು ಸುತ್ತುವ ಮೊದಲು ಆ ಹಗ್ಗವನ್ನು ನೋಡಿದವರು ಚಿಕ್ಕಪ್ಪ ಒಬ್ಬರೇ. ಕಟಪಾಡಿಯ ಅವರ ಜಗಲಿಯಲ್ಲಿ ಕೇಳಿದೆ. ಎದ್ದು ಒಳಗೆ ಹೋಗಿ ಚಹಾಕ್ಕೆ ಹೇಳಿದರು. ಕಾಗದದಲ್ಲಿ ಬರೆದು ಕೇಳಿದೆ. ಈ ವರ್ಷ ಮಟ್ಟುಗುಳ್ಳ ಬದನೆ ಚೆನ್ನಾಗಿ ಬಂದಿದೆ ಎಂದು ಬರೆದರು. ನಾನು ಕೇಳಿದ್ದು ಇಷ್ಟೇ: ಚಿಕ್ಕಪ್ಪ, ನೀವು ತಲುಪುವಾಗ ಆ ಹಗ್ಗ ತುಂಡಾಗಿತ್ತಾ, ಅಲ್ಲ ಗಂಟು ಬಿಚ್ಚಿತ್ತಾ?