ಸ್ಯಾವೇಜ್ ಕೋವಿಯ ತೋಟೆ

ಇಂಪಿ ರೌಟಿಯೊ ವರ್ಷಕ್ಕೊಂದೇ ತೋಟೆ ಖರ್ಚು ಮಾಡುವ ಹೆಂಗಸು. ನವೆಂಬರಿನಲ್ಲಿ ಬೇಟೆಯ ಕಾಲ ಶುರುವಾದ ಕೂಡಲೇ ಒಂದು ಜಿಂಕೆ ಹೊಡೆದು, ಕೋವಿ ಒರೆಸಿಟ್ಟು, ಮರುದಿನ ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಅಮೆರಿಕದ ಸುಪೀರಿಯರ್ ಸರೋವರದ ತೆಂಕಣ ದಡದ ಆ ಊರಲ್ಲಿ ಗಂಡಸರಿಗೂ ಅವಳ ಗುರಿ ಕಂಡರೆ ಒಳಗೊಳಗೇ ಹೊಟ್ಟೆಕಿಚ್ಚು.

ಫಿನ್‌ಲ್ಯಾಂಡಿನಿಂದ ಬಂದು ಗಣಿಯಲ್ಲಿ ದುಡಿಯುತ್ತಿದ್ದ ಅವಳಪ್ಪ ಸ್ಯಾವೇಜ್ ಕಂಪನಿಯ ಒಂದೇ ಥರದ ಎರಡು ಕೋವಿ ಕೊಂಡಿದ್ದ. ಒಂದು ಮಗ ವೈನೊಗೆ, ಒಂದು ಇಂಪಿಗೆ. ವೈನೊ ಮದುವೆ ವಯಸ್ಸಿಗೆ ಬಂದಿದ್ದಾಗ, ಒಂದು ನವೆಂಬರಿನ ಬೆಳಿಗ್ಗೆ ಸೀಡರ್ ಮರಗಳ ಜೌಗಿಗೆ ಬೇಟೆಗೆಂದು ಹೋದವನು ತಿರುಗಿ ಬರಲಿಲ್ಲ. ಅಂದು ಮಧ್ಯಾಹ್ನ ಜೌಗಿನ ಕಡೆಯಿಂದ ಒಂದೇ ಒಂದು ಈಡು ಕೇಳಿಸಿತ್ತು. ‘ಅಮ್ಮಾ, ವೈನೊಗೆ ಜಿಂಕೆ ಸಿಕ್ತು’ ಅಂದು ಇಂಪಿ ಕಾಫಿಗೆ ನೀರಿಟ್ಟಿದ್ದಳು. ಹಿಮ ಮೊಣಕಾಲಿಗೆ ಬರುವವರೆಗೂ ಊರವರೆಲ್ಲ ಹುಡುಕಿದರು. ಅವನೂ ಸಿಗಲಿಲ್ಲ, ಕೋವಿಯೂ ಸಿಗಲಿಲ್ಲ.

ಇದಾಗಿ ಮೂವತ್ತು ವರ್ಷದ ಮೇಲಾಗಿತ್ತು. ಅಪ್ಪ ಕೂಡಿಟ್ಟ ತೋಟೆಗಳು ಒಂದೊಂದಾಗಿ ಕರಗಿ, ಇಂಪಿ ಕೆಲಸದಿಂದ ನಿವೃತ್ತಳಾದ ವರ್ಷ ಡಬ್ಬಿ ಬರಿದಾಯಿತು. ಆ ಅಳತೆಯ ತೋಟೆ ಯಾವ ಅಂಗಡಿಯ ಕಪಾಟಿನಲ್ಲೂ ಇರಲಿಲ್ಲ. ಅದರ ಅಳತೆಯಾದ ತ್ರೀ ನಾಟ್ ತ್ರೀ ಎಂದು ಕೇಳಿದರೆ ಎಲ್ಲರೂ ಬ್ರಿಟಿಷ್ ಸೇನೆಯದನ್ನು ತಂದಿಡುತ್ತಿದ್ದರು. ಹೆಸರಿನ ಅಂಕಿ ಒಂದೇ ಆದರೂ ಅದು ಈ ಕೋವಿಗೆ ಕೂರುವುದಿಲ್ಲ.

ಪೇಟೆಯ ಕೋವಿ ಅಂಗಡಿಯ ಆರ್ವಿಲ್ ಪ್ಯಾಸ್ಕೊ ಮಾತ್ರ ಕೇಳಿದ ಕೂಡಲೇ ಕನ್ನಡಕ ತೆಗೆದು ಅವಳನ್ನೇ ನೋಡಿದ.

‘ಏನ್ ಮಿಸ್ ರೌಟಿಯೊ, ಈ ತೋಟೆಗೆ ಇದ್ದಕ್ಕಿದ್ದಂಗೆ ಏನ್ ಬಂತು? ಮೊನ್ನೆ ಇನ್ನೊಬ್ರು ಇದನ್ನೇ ಕೇಳ್ಕೊಂಡ್ ಬಂದಿದ್ರು.’

‘ಯಾರು?’

‘ಹೆಸರು ಹೇಳ್ಲಿಲ್ಲಪ್ಪ. ವಯಸ್ಸಾದೋರು, ಕುಂಟ್ತಾ ನಡೀತಿದ್ರು.’

ಆ ಸುತ್ತಿನಲ್ಲಿ ಆ ತೋಟೆ ಬೇಕಾಗುವ ಕೋವಿ ಎರಡೇ ಎರಡು ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ.

ಮುಂದಿನ ಊರಿನ ಅಂಗಡಿಯಲ್ಲೂ ಅದೇ ಮಾತು. ಕುಂಟುವ ಮುದುಕ ಬಂದಿದ್ದ, ಹೋದ. ಕೊನೆಗೆ ಕೊಲ್ಲಿಯ ಬದಿಯ ಹಾರ್ಡ್‌ವೇರ್ ಅಂಗಡಿಯ ಒಡತಿ ದನಿ ತಗ್ಗಿಸಿ ಅಂದಳು: ‘ಅವ್ರಿಗೆ ತೋಟೆ ಬೇಕಾಗಿಲ್ಲ ಕಣ್ರೀ. ಇದನ್ನ ಯಾರು ಕೇಳ್ಕೊಂಡು ಬರ್ತಾರೋ ಅವ್ರು ಬೇಕಂತೆ. ಬಂದ್ರೆ ನನ್ ಹತ್ರ ಕಳ್ಸಿ ಅಂತ ಬೇಡ್ಕೊಂಡ್ರು. ಮುಖ ನೋಡೋಕಾಗ್ತಿರ್ಲಿಲ್ಲ.’

ಅವಳು ಕೊಟ್ಟ ಗುರುತಿನಂತೆ, ಜೌಗಿನಂಚಿಗೆ ರಸ್ತೆ ಮುಗಿಯುವಲ್ಲಿ ಒಂದು ಗುಡಿಸಲು. ತುಪ್ಪಳಕ್ಕಾಗಿ ಬೋನಿಟ್ಟು ಬೀವರ್ ಪ್ರಾಣಿಗಳನ್ನು ಹಿಡಿದು ಬದುಕುವ ಆ ಕುಂಟುವ ಮುದುಕ, ಆರ್ಮಾನ್ ಲಕಾಸ್, ಬಾಗಿಲಲ್ಲೇ ನಿಂತಿದ್ದ. ಇಂಪಿ ತಾನು ಯಾರೆಂದು ಹೇಳುವ ಮುಂಚೆಯೇ, ‘ಬಾಮ್ಮ, ಒಳಗಡೆ ಇದೆ’ ಎಂದ.

ಕಿಟಕಿಯ ಪಕ್ಕದ ಮೇಜಿನ ಮೇಲೆ ಕೋವಿ ಮಲಗಿತ್ತು. ಹಿಡಿಯ ಕೆಳಗೆ ಅಪ್ಪ ಚಾಕುವಿನಲ್ಲಿ ಕೆತ್ತಿದ ವೈನೊನ ಮೊದಲಕ್ಷರ. ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಆಗತಾನೇ ಎಣ್ಣೆ ಹಾಕಿದ ವಾಸನೆ.

‘ನೀವು ಒರೆಸಿದ್ರಾ?’

‘ದೇವ್ರಾಣೆ ಇಲ್ಲ. ಸೀಡರ್ ಮರಕ್ಕೆ ಒರಗಿಸಿ ನಿಲ್ಸಿತ್ತು, ಹೀಗೇ ಇತ್ತು. ಸುತ್ತ ಹೊಸ ಹಿಮ, ಒಂದು ಹೆಜ್ಜೆ ಗುರುತಿಲ್ಲ.’ ಆರ್ಮಾನ್ ಕುರ್ಚಿ ಎಳೆದುಕೊಂಡ. ‘ತಂದಾಗಿಂದ ನಿದ್ದೆ ಇಲ್ಲ ನಂಗೆ. ಕತ್ತಲಾಗ್ತಿದ್ದಂಗೆ ಹೊರಗೆ ಯಾರೋ ಬೂಟಿನ ಹಿಮ ಕೊಡವ್ತಾರೆ, ಒಳಗೆ ಬರೋರ ಥರ. ಬಾಗ್ಲು ತೆಗದ್ರೆ ಯಾರೂ ಇರಲ್ಲ. ಇದ್ರ ತೋಟೆ ಕೇಳೋರಿಗೆ ಇದು ಯಾರ್ದು ಅಂತ ಗೊತ್ತಿರತ್ತೆ, ಕೊಟ್ಬಿಡೋಣ ಅಂತ ಅಂಗಡಿ ಅಂಗಡಿ ಅಲೆದೆ.’

ಕೋವಿಯ ಮಗ್ಗುಲಿನ ಪುಟ್ಟ ಕಿಂಡಿಯಲ್ಲಿ ಉಳಿದ ತೋಟೆಗಳ ಅಂಕಿ ಕಾಣುತ್ತಿತ್ತು: ನಾಲ್ಕು. ಇಂಪಿ ಕೂತು, ಕೋವಿಯನ್ನೆತ್ತಿ ಅದರ ಕೆಳಗಿನ ಸನ್ನೆಕೋಲನ್ನು ಮುಂದಕ್ಕೆ ತಳ್ಳಿದಳು. ಹಾರಿಸಿದ ಖಾಲಿ ತೋಟೆಯೊಂದು ಚಿಮ್ಮಿ ಅವಳ ಮಡಿಲಿಗೆ ಬಿತ್ತು. ಎತ್ತಿಕೊಂಡವಳು ತಟ್ಟನೆ ಕೈಬಿಟ್ಟಳು.

‘ಬೆಚ್ಚಗಿದೆ.’

ಆರ್ಮಾನ್ ತಾನೂ ಮುಟ್ಟಿ ನೋಡಿದ. ‘ಒಲೆ ಹತ್ರ ಇತ್ತಲ್ಲ, ಅದಕ್ಕೇ ಇರ್ಬೇಕು’ ಎಂದ. ಒಲೆ ಇದ್ದದ್ದು ಕೋಣೆಯ ಆ ತುದಿಯಲ್ಲಿ.

ಇಂಪಿ ಖಾಲಿ ತೋಟೆಯನ್ನೆತ್ತಿ ಜೇಬಿಗೆ ಹಾಕಿಕೊಂಡಳು. ಆಮೇಲೆ, ‘ಆ ಮರ ತೋರಿಸ್ತೀರಾ?’ ಎಂದಳು.

ಮರುದಿನ ಬೆಳಕಾಗುತ್ತಲೇ ಇಬ್ಬರೂ ಹೊರಟರು. ಮರದ ಬೇರುಗಳ ನಡುವೆ ಪಾಚಿ ಮುಚ್ಚಿದ ಆಳವಾದ ಪೊಟರೆಯಿತ್ತು. ಗುದ್ದಲಿಗೆ ಮೊದಲು ಸಿಕ್ಕಿದ್ದು ಬೂಟು. ಆಮೇಲೆ ಮುರಿದ ತೊಡೆಯ ಮೂಳೆ. ಕಾಲು ಮುರಿದು ಅಲ್ಲಿ ಸಿಕ್ಕಿಬಿದ್ದವನು, ಯಾರಾದರೂ ಬರಲಿ ಎಂದು ಒಂದು ಈಡು ಹೊಡೆದಿದ್ದ; ಇನ್ನೊಂದಕ್ಕೆ ಅವನಲ್ಲಿ ತ್ರಾಣ ಉಳಿದಿರಲಿಲ್ಲ. ಇಂಪಿ ಹಿಮದಲ್ಲೇ ಕೂತುಬಿಟ್ಟಳು. ‘ನನಗೆ ಕೇಳಿಸ್ತು ಕಣೋ, ಕೇಳಿಸಿತ್ತು’ ಎಂದು ತಾಯಿ ಸತ್ತ ಮೇಲೆ ಯಾರೊಂದಿಗೂ ಆಡದಿದ್ದ ಫಿನ್ನಿಶ್‌ನಲ್ಲಿ ಹೇಳುತ್ತಲೇ ಇದ್ದಳು. ಆರ್ಮಾನ್‌ಗೆ ಆ ಭಾಷೆ ಬಾರದು. ಟೋಪಿ ತೆಗೆದು ನಿಂತುಕೊಂಡ.

ವೈನೊನನ್ನು ಅಪ್ಪ ಅಮ್ಮನ ಪಕ್ಕ ಮಣ್ಣು ಮಾಡಿದರು. ಯಾರೋ ಕೋವಿಯನ್ನು ಕದ್ದು ಇಟ್ಟುಕೊಂಡಿದ್ದು ಈಗ ತಂದಿಟ್ಟಿರಬೇಕೆಂದು ಪೊಲೀಸರು ಬರೆದುಕೊಂಡರು. ಇಂಪಿ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಆರ್ಮಾನ್‌ನ ಅಂಗಳದ ಸದ್ದು ನಿಂತಿತು.

ಮುಂದಿನ ನವೆಂಬರಿನಲ್ಲಿ ಅವಳು ವೈನೊನ ಕೋವಿಯನ್ನೇ ಹಿಡಿದು ಹೋದಳು. ಅಷ್ಟು ಹಳೆಯ ತೋಟೆ ಹೊತ್ತುತ್ತದೋ ಇಲ್ಲವೋ ಎಂದು ಊರವರು ನಕ್ಕಿದ್ದರು. ಮೊದಲ ಈಡಿಗೇ ಜಿಂಕೆ ಬಿತ್ತು. ಒಂದು ತೊಡೆ ಮಾಂಸವನ್ನು ಆರ್ಮಾನ್‌ಗೆ ಕೊಟ್ಟುಬಂದಳು.

‘ಇನ್ನು ಮೂರೇ ಉಳಿದಿದೆ. ಅದು ಮುಗಿದ್ಮೇಲೆ ಏನ್ಮಾಡ್ತೀಯಮ್ಮ?’ ಎಂದ ಅವನು.

‘ಕೋಳಿ ತಿಂತೀನಿ’ ಎಂದಳು ಇಂಪಿ.