ಬೈಂಡಿಂಗಿಗೆ ಹೋಗದ ಪುಸ್ತಕ

ಶಾರದಾ, ಆ ಪುಸ್ತಕ ಬೈಂಡಿಂಗಿಗೆ ಹೋಗಿರಲಿಲ್ಲ. ನನ್ನ ಕುರ್ಚಿಯ ಹಿಂದೆ, ಹಳೆ ಪೇಪರ್ ಕಟ್ಟಿನ ಅಡಿಯಲ್ಲಿತ್ತು. ಅಡಗಿಸಿಟ್ಟವನು ನಾನೇ.

ಪುತ್ತೂರಿನ ನಮ್ಮ ಲೈಬ್ರರಿಗೆ ನೀವು ಕಾಣಿಯೂರಿನಿಂದ ಶನಿವಾರ ಶನಿವಾರ ಬರುತ್ತಿದ್ದಿರಿ. ಜಲವಿಜ್ಞಾನದ ಆ ದಪ್ಪ ಇಂಗ್ಲಿಷ್ ಆಕರಗ್ರಂಥವನ್ನು ಮನೆಗೆ ಕೊಡುವಂತಿಲ್ಲ, ಅಲ್ಲೇ ಕೂತು ಓದಬೇಕು — ಆ ನಿಯಮಕ್ಕೆ ನಾನು ಎಷ್ಟು ಸಲ ಮನಸ್ಸಿನಲ್ಲೇ ಕೈಮುಗಿದಿದ್ದೇನೋ! “ಇದರಲ್ಲಿ ಎಲ್ಲ ಒಟ್ಟಿಗೆ ಉಂಟು ಸರ್,” ಎಂದಿದ್ದಿರಿ ಒಮ್ಮೆ. “ಮಳೆ, ಮಣ್ಣು, ತೋಡು, ಬಾವಿ... ನಾವು ಒಂದೊಂದನ್ನೇ ನೋಡುದು, ಅದೇ ತಪ್ಪು.” ವರ್ಷಗಟ್ಟಲೆ ಅದರ ಧೂಳು ಒರೆಸಿದ ನನಗೆ ಅದು ಬರೀ ಭಾರದ ಪುಸ್ತಕವಾಗಿತ್ತು. ನೀವು ಹೇಳಿದ ಮೇಲೆಯೇ ನಾನು ಅದನ್ನು ತೆರೆದದ್ದು.

ಮಳೆ ನಿಂತ ಮೇಲೆ ನಿಮ್ಮೂರಿನವರೆಲ್ಲ ಸೇರಿ ತೋಡಿಗೆ, ಆ ಸಣ್ಣ ಹಳ್ಳಕ್ಕೆ, ಅಡ್ಡ ಕಲ್ಲು-ಮಣ್ಣಿನ ಕಟ್ಟ ಕಟ್ಟುವ ಕ್ರಮ. ಆ ವರ್ಷ ಅದನ್ನು ಬಿಟ್ಟು ಬೋರ್‌ವೆಲ್ ತೆಗೆಸುವ ಮಾತು ಬಂತು. ಕಟ್ಟದ ನೀರು ಇಂಗಿಯೇ ಬಾವಿಗೆ ಬರುವುದು ಎಂದು ನೀವು ಹೇಳಿದರೆ, “ಎಲ್ಲಿ ಬರೆದುಂಟು, ತೋರಿಸಿ ಮಾರಾಯ್ರೆ” ಎಂದರಂತೆ ಊರವರು. ಊರಿನ ಸಭೆಯ ಮೊದಲು ಆ ಅಧ್ಯಾಯ ಬರೆದುಕೊಳ್ಳಬೇಕು, ಇನ್ನೆರಡು ಶನಿವಾರ ಸಾಕು ಎಂದಿರಿ. ಎರಡೇ? ಆಮೇಲೆ ನೀವು ಯಾಕೆ ಬರುತ್ತೀರಿ? ಮುಂದಿನ ಶನಿವಾರ ನೀವು ಬರುವ ಮೊದಲೇ ಪುಸ್ತಕ ಅಡಗಿಸಿಟ್ಟೆ.

“ಬೈಂಡಿಂಗಿಗೆ ಹೋಗಿದೆ. ಮುಂದಿನ ವಾರ ಬನ್ನಿ.”

ಮೂರು ವಾರ ಅದನ್ನೇ ಹೇಳಿದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ! ಬಸ್ಸಿಗೆ ಹೊತ್ತಿದೆಯೆಂದು ನೀವು ಪೇಪರ್ ತಿರುವುತ್ತಾ ಕೂರುತ್ತಿದ್ದಿರಿ, ನಾನು ನೋಡುತ್ತಾ... ನಾಚಿಕೆಯಾಗುತ್ತದೆ, ಆದರೆ ಆಗ ಸುಖವಾಗಿತ್ತು.

ನಾಲ್ಕನೆಯ ವಾರ ಬಾಗಿಲಲ್ಲೇ ನಿಂತಿರಿ. “ಸಭೆ ಆಯ್ತು ಸರ್, ಬೋರ್‌ವೆಲ್ಲೇ ಅಂತಾಯ್ತು. ಇನ್ನು ಪುಸ್ತಕ ಬೇಡ.” ಮತ್ತೆ ಬರಲೇ ಇಲ್ಲ. ಎಷ್ಟೋ ಶನಿವಾರ ಕಾಣಿಯೂರಿನ ಬಸ್ಸು ಬರುವ ಹೊತ್ತಿಗೆ ನಾನು ಕಿಟಕಿಯ ಹತ್ತಿರವೇ ನಿಂತಿರುತ್ತಿದ್ದೆ.

ಕಳೆದ ಎಪ್ರಿಲಿನಲ್ಲಿ ಧೈರ್ಯ ಮಾಡಿ ನಿಮ್ಮೂರಿಗೆ ಬಂದೆ. ಕಟ್ಟವಿಲ್ಲದ ತೋಡು ದಾಟಿದೆ, ಚಪ್ಪಲಿ ಒದ್ದೆಯಾಗಲಿಲ್ಲ. ನೀರಿನ ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತಿದ್ದಿರಿ — ಕೂದಲು ಬೆಳ್ಳಗಾಗಿತ್ತು. ಕರೆಯದೆ ಮುಂದಿನ ಬಸ್ಸಿಗೆ ಹಿಂದಿರುಗಿದೆ.

ಈಗ ನಾನು ನಿವೃತ್ತ. ಶನಿವಾರ ಶನಿವಾರ ನೀವು ಕೂರುತ್ತಿದ್ದ ಮೇಜಿನಲ್ಲೇ ಕೂತು ಆ ಅಧ್ಯಾಯವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಳೆ ನಿಲ್ಲುವ ಮೊದಲು ಮುಗಿಸಿ ತರುತ್ತೇನೆ. ನೀವು ಊರವರನ್ನು ಸೇರಿಸಿ ಅದನ್ನು ಓದಿ ಹೇಳಿ, ಜೊತೆಗೆ ಈ ಕಾಗದವನ್ನೂ ಓದಿ. ಅಂದು ಪುಸ್ತಕ ಅಡಗಿಸಿಟ್ಟವನು ಯಾರು ಎಂದು ಅವರು ಕೇಳಿದರೆ, ಎದ್ದು ನಿಂತು ನಾನೇ ಎಂದು ಹೇಳುತ್ತೇನೆ.