ಜಯಮ್ಮನ ನೂರ ಐವತ್ತಮೂರು ದಿನಗಳು

1985ರಲ್ಲಿ ನಾನು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದೆ. ಹುದ್ದೆಯ ಹೆಸರು ಉದ್ದವಾಯಿತೆಂದು ಊರಿನವರು ಅದನ್ನು ‘ನರ್ಸಮ್ಮ’ ಎಂದು ಮೊಟಕು ಮಾಡಿದ್ದರು. ಆರು ಹಳ್ಳಿಗಳ ಬಸುರಿ ಬಾಣಂತಿಯರು, ಮಕ್ಕಳ ಚುಚ್ಚುಮದ್ದು, ಕುಟುಂಬ ಯೋಜನೆ ಎಲ್ಲವೂ ನನ್ನ ಪಾಲಿಗೆ. ನನಗಾಗ ಇಪ್ಪತ್ತೇಳು ವರ್ಷ. ಕೆಲಸ ಕಾಯಂ ಆಗುವವರೆಗೆ ಮಗು ಬೇಡವೆಂದು ನಾನು, ನನ್ನ ಗಂಡ ಮಾತಾಡಿಕೊಂಡು, ಕಾಯಂ ಆದ ವರ್ಷವೇ ಮಗಳನ್ನು ಪಡೆದಿದ್ದೆವು. ಹೆರಿಗೆ ರಜೆಯ ಆದೇಶ ಟೈಪಾಗಿ ಬಂದು ನನ್ನ ಸೇವಾ ಪುಸ್ತಕದಲ್ಲಿ ಕೂತಿತ್ತು. ಮಗುವನ್ನು ಯಾವಾಗ ಪಡೆಯಬೇಕೆಂಬುದನ್ನು ಹೆಂಗಸು ತಾನೇ ತೀರ್ಮಾನಿಸಬಹುದು ಎಂಬ ನನ್ನ ದೃಢ ನಂಬಿಕೆಯ ಹಿಂದೆ ಆ ಒಂದು ಟೈಪಾದ ಹಾಳೆ ಇತ್ತೆಂಬುದು ನನಗಾಗ ಹೊಳೆದಿರಲಿಲ್ಲ.

ರೇಷ್ಮೆ ಏರುತ್ತಿದ್ದ ವರ್ಷಗಳು ಅವು. ರಾಗಿ ಹೊಲಗಳು ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ಇದ್ದೊಂದು ಕೋಣೆಯನ್ನು ಹುಳಕ್ಕೆ ಬಿಟ್ಟುಕೊಟ್ಟು ಮನೆಮಂದಿ ಜಗಲಿಯಲ್ಲಿ ಮಲಗುತ್ತಿದ್ದರು. ರಾಮನಗರದ ರಸ್ತೆಯುದ್ದಕ್ಕೂ ನೂಲು ಬಿಚ್ಚುವ ಘಟಕಗಳು ತಲೆಯೆತ್ತಿದ್ದವು. ಅಲ್ಲಿ ಗೂಡುಗಳನ್ನು ಬಿಸಿನೀರಿನ ಬೇಸಿನ್‌ಗೆ ಹಾಕಿ, ಎಳೆ ಹುಡುಕಿ ರಾಟೆಗೆ ಕೊಡುವ ಕೆಲಸ ಹೆಂಗಸರದು. ಹತ್ತು ಗಂಟೆಗಳ ಕಾಲ ನಿಂತೇ ಇರಬೇಕು. ಬೆರಳ ತುದಿಯ ಚರ್ಮ ಬಿಳಿಚಿ ಸುಲಿದಿರುತ್ತಿತ್ತು. ಸತ್ತ ಹುಳದ ವಾಸನೆ ಅವರ ಸೆರಗಿನಲ್ಲೇ ಮನೆಗೆ ಬರುತ್ತಿತ್ತು. ರೇಷ್ಮೆ ಸೀರೆಯ ಹೊಳಪನ್ನು ಹೊಗಳುವವರು ಈ ಬೆರಳುಗಳನ್ನು ನೋಡಿರಲಿಲ್ಲ.

ಅಂಥದೊಂದು ಘಟಕಕ್ಕೆ ಆ ವರ್ಷದ ಜೂನ್‌ನಲ್ಲಿ ಸೇರಿದವಳು ಜಯಮ್ಮ. ವಯಸ್ಸು ಇಪ್ಪತ್ತನಾಲ್ಕು. ಕುರಿ ಸಾಕುವ ಮನೆ, ಜೊತೆಗೆ ಒಂದು ಎಕರೆ ಹಿಪ್ಪುನೇರಳೆ. ಗಂಡ ಹನುಮಂತಯ್ಯ ಕುರಿಯ ಹಿಂದೆ, ಅತ್ತೆ ಕೆಂಪಮ್ಮ ಹುಳದ ಹಿಂದೆ. ಐದು ವರ್ಷದ ಒಬ್ಬಳು ಮಗಳು. ಆ ಹೆರಿಗೆಯಾದ ಮೇಲೆ ಜಯಮ್ಮನಿಗೆ ವಂಕಿ ಹಾಕಿದವಳು ನಾನೇ. ಕಾಪರ್-ಟಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಗರ್ಭ ನಿಲ್ಲದಂತೆ ತಡೆಯುವ ಪುಟ್ಟ ಸಾಧನ, ತೆಗೆದರೆ ಮತ್ತೆ ಬಸುರಾಗಬಹುದು.

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಉಪಕೇಂದ್ರಕ್ಕೆ ಬಂದರು. ಕೆಂಪಮ್ಮ ಬಾಗಿಲಲ್ಲೇ ಶುರುಮಾಡಿದಳು.

“ಏನ್ ನರ್ಸಮ್ಮ, ನಮ್ ಸೊಸೆ ಹೊಟ್ಟೆಗೆ ಬೀಗ ಜಡ್ದು ಕೀಲಿಕೈಯ ನಿಮ್ ಸೊಂಟಕ್ಕೆ ಸಿಗಿಸ್ಕಂಡಿದ್ದೀರಾ? ಐದು ವರ್ಸ ಆಯ್ತು. ನಮ್ ಕುರೀನೇ ವಾಸಿ, ಕೇಳ್ದೆ ಈಯ್ತವೆ.”

“ಅತ್ತೆ, ಒಸಿ ಸುಮ್ಕಿರಿ,” ಎಂದ ಜಯಮ್ಮ ನನ್ನ ಕಡೆ ತಿರುಗಿದಳು. “ನಂಗೂ ಬೇಕು ನರ್ಸಮ್ಮ, ಬ್ಯಾಡ ಅಂತಲ್ಲ. ಆದ್ರೆ ಕೆಲ್ಸುಕ್ ಸೇರಿ ಎಲ್ಡು ತಿಂಗ್ಳೂ ತುಂಬಿಲ್ಲ. ವರ್ಸದೊಳ್ಗೆ ಬಸ್ರಾದ್ರೆ ಬಿಲ್ಲೆ ವಾಪಸ್ ಮಡಗ್ಬುಟ್ಟು ಹೋಗು ಅಂತ ಸಾವ್ಕಾರ್ರು ಮೊದ್ಲೇ ಏಳವ್ರೆ. ಒಂದ್ ವರ್ಸ ತಳ್ಬುಡಾನ ಅಂತ.”

ಬಿಲ್ಲೆ ಎಂದರೆ ಘಟಕದವರು ಪ್ರತಿ ಹೆಂಗಸಿಗೂ ಕೊಡುತ್ತಿದ್ದ ನಂಬರಿನ ಹಿತ್ತಾಳೆ ಚೂರು. ಬೆಳಿಗ್ಗೆ ಗೇಟಿನ ಮೊಳೆಗೆ ಅದನ್ನು ತಗುಲಿಹಾಕಿದರೆ ಬೇಸಿನ್ ಅವಳದು.

ಆ ಮಾತು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬ ಹೆಂಗಸು ಯಾವಾಗ ತಾಯಿಯಾಗಬೇಕೆಂದು ನೂಲಿನ ಸಾಹುಕಾರ ಹೇಳುವುದೇ? ಸೇರಿಸಿಕೊಳ್ಳುವಾಗಲೇ ಅಂಥ ಷರತ್ತು ಹಾಕುವುದು ಅನ್ಯಾಯ. ಬಸುರಿಯೆಂದು ಕೆಲಸದಿಂದ ತೆಗೆಯುವುದು ಇನ್ನೂ ದೊಡ್ಡ ಅನ್ಯಾಯ. ನನ್ನ ಚೀಲದಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯ ಕಿರುಪುಸ್ತಕವಿತ್ತು. ಅದನ್ನು ತೆರೆದು ಓದಿ ಹೇಳಿದೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ನೂರ ಅರವತ್ತು ದಿನ ಕೆಲಸ ಮಾಡಿರಬೇಕು. ಮಾಡಿದ್ದರೆ ಕೂಲಿಸಮೇತ ಹನ್ನೆರಡು ವಾರ ರಜೆ, ಹೆರಿಗೆಗೆ ಮೊದಲು ಆರು ವಾರ, ಆಮೇಲೆ ಆರು. ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ಹೊಸಬರಿಗೆ ಘಟಕದಲ್ಲಿ ವಾರಕ್ಕೆ ನಾಲ್ಕು ದಿನ ಮಾತ್ರ ಕೆಲಸ ಸಿಗುತ್ತಿತ್ತು. ಹಾಗಿದ್ದರೂ ಈಗ ವಂಕಿ ತೆಗೆದರೆ ಹೆರಿಗೆಯ ಹೊತ್ತಿಗೆ ನೂರ ಅರವತ್ತು ದಾಟುತ್ತದೆಂದು ಚೀಟಿಯಲ್ಲಿ ಲೆಕ್ಕ ಹಾಕಿ ತೋರಿಸಿದೆ.

“ಸಾಹುಕಾರನಿಗೋಸ್ಕರ ನೀನ್ಯಾಕೆ ಕಾಯಬೇಕು ಜಯಮ್ಮ? ಕಾನೂನು ನಿನ್ನ ಕಡೆ ಇದೆ,” ಎಂದೆ.

ಅವಳು ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. “ನೀವೇಳಿದ್ರೆ ಸರಿ,” ಎಂದಳು. ಅಂದೇ ವಂಕಿ ತೆಗೆದೆ. ಇಲಾಖೆಯ ಒಂದು ಕ್ಯಾಲೆಂಡರ್ ಕೊಟ್ಟು, ಬೇಸಿನ್ ಮುಂದೆ ನಿಂತ ದಿನಕ್ಕೆಲ್ಲ ಒಂದೊಂದು ಗುರುತು ಹಾಕಿಕೋ ಎಂದೆ. ಅವಳು ಕುಂಕುಮದ ಚುಕ್ಕಿ ಇಡತೊಡಗಿದಳು.

ಅಕ್ಟೋಬರ್‌ನಲ್ಲಿ ಬಸುರು ಖಚಿತವಾಯಿತು. ಹೆರಿಗೆ ಜೂನ್ ಮೊದಲ ವಾರಕ್ಕೆ. ಪ್ರತಿ ತಿಂಗಳು ರಕ್ತದೊತ್ತಡ ನೋಡಿದೆ, ಕಬ್ಬಿಣದ ಮಾತ್ರೆ ಕೊಟ್ಟೆ, ಗೋಡೆಯ ಕ್ಯಾಲೆಂಡರಿನಲ್ಲಿ ಚುಕ್ಕಿಗಳನ್ನು ಎಣಿಸಿದೆ. ನಡುವೆ ಎರಡು ಸಲ ಭೇಟಿಗೆ ಹೋದಾಗ, ಮನೆಯಲ್ಲಿ ಹುಳ ಹಣ್ಣಾಗಿತ್ತು. ಹುಳ ಹಣ್ಣಾಯಿತೆಂದರೆ ಗೂಡು ಕಟ್ಟಲು ಸಿದ್ಧವಾಯಿತೆಂದು ಅರ್ಥ. ಆ ಎರಡು ಮೂರು ದಿನ ಒಂದೊಂದೇ ಹುಳ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಬೆಳೆಯೇ ಹೋಗುತ್ತದೆ, ಮನೆಯ ಒಂದು ಕೈಯೂ ಹೊರಗೆ ಹೋಗುವಂತಿಲ್ಲ. ಜಯಮ್ಮ ಅಲ್ಲೇ ಕೂತು ಹುಳ ಆಯುತ್ತಿದ್ದಳು. ಅವಳಿಗೆ ರಜೆಯ ದಿನವಿರಬೇಕೆಂದುಕೊಂಡೆ. ಕೇಳಲಿಲ್ಲ.

ಏಪ್ರಿಲ್ ಮೂರನೆಯ ವಾರ ಚುಕ್ಕಿಗಳು ನೂರ ಎಪ್ಪತ್ತೊಂದಾದವು. ಅರ್ಜಿ ಬರೆದುಕೊಂಡು ನಾನೇ ಅವಳ ಜೊತೆ ಘಟಕಕ್ಕೆ ಹೋದೆ. ಸಾಹುಕಾರ ಇರಲಿಲ್ಲ. ಹಾಜರಿ ಬರೆಯುತ್ತಿದ್ದ ಮೇಸ್ತ್ರಿ ಪುಸ್ತಕ ತೆಗೆದು, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದ.

“ನೂರೈವತ್ಮೂರು ಐತೆ ಕಣಮ್ಮ.”

“ನೂರ ಎಪ್ಪತ್ತೊಂದು ದಿನ ಕೆಲಸ ಮಾಡಿದ್ದಾಳೆ,” ಎಂದೆ.

“ಇರ್ಬೋದು. ನಾನೇನ್ ಇಲ್ಲ ಅಂದ್ನಾ? ಅದ್ರಾಗೆ ಹದಿನೆಂಟು ದಿನ ಬ್ಯಾರೇರ ಬಿಲ್ಲೇಲಿ ನಿಂತವ್ಳೆ. ಅದ್ಕೆ ‘ಬದಲಿ’ ಅಂತ ಬರೀತೀವಿ. ಬದಲಿಗೆ ಹೆಸ್ರಿಲ್ಲ.”

ನನಗೆ ಅರ್ಥವಾಗಲಿಲ್ಲ. ಜಯಮ್ಮನೇ ತಗ್ಗಿದ ದನಿಯಲ್ಲಿ ಹೇಳಿದಳು. “ಮುಯ್ಯಿ ನರ್ಸಮ್ಮ. ನಮ್ಮನೆ ಹುಳ ಹಣ್ಣಾದಾಗ ನನ್ ಜತೆ ಕೆಲ್ಸದ ನಿಂಗಿ, ಅವ್ಳಿಗ್ ಕೆಲ್ಸ ಇಲ್ದಿದ್ ದಿನ ಬಂದು ನನ್ ಬೇಸಿನ್ನಾಗೆ ನಿಂತ್ಕತಾಳೆ. ಅವ್ರ ಮನೇದು ಹಣ್ಣಾದಾಗ ನಾನ್ ಹೋಗಿ ಅವ್ಳದ್ರಾಗೆ. ಎಲ್ರೂ ಅಂಗೇ ಮಾಡದು. ನಾನ್ ನಿಂತಿದ್ ದಿನ ನಂದೇ ಅಲ್ವಾ? ಅದ್ಕೇ ಚುಕ್ಕಿ ಇಟ್ಟೆ.”

ಹೊಲದಲ್ಲಿ ನಾಟಿಗೂ ಕಟಾವಿಗೂ ಆಳಿಗೆ ಆಳು ಕೊಟ್ಟು ತೀರಿಸುವ ಮುಯ್ಯಿ ನನಗೆ ಗೊತ್ತಿತ್ತು. ಅದನ್ನೇ ಈ ಹೆಂಗಸರು ಬೇಸಿನ್ ಮುಂದೆಯೂ ತಂದುಕೊಂಡಿದ್ದರು. ಅವರ ನಡುವೆ ಅದು ಸರಿಹೋಗುತ್ತಿತ್ತು. ಪುಸ್ತಕದಲ್ಲಿ ಮಾತ್ರ ಜಯಮ್ಮನ ಲೆಕ್ಕದಿಂದ ಅವಳು ಮನೆಯಲ್ಲಿದ್ದ ದಿನವೂ ಹೋಗುತ್ತಿತ್ತು, ಬೇರೆಯವರಿಗಾಗಿ ನಿಂತ ದಿನವೂ ಹೋಗುತ್ತಿತ್ತು. ಹೆಸರಿಲ್ಲದ ದುಡಿಮೆಯಿಂದ ನೂಲು ಮಾತ್ರ ಸಾಹುಕಾರನಿಗೆ ಪೂರ್ತಿ ಸಿಗುತ್ತಿತ್ತು.

“ಏಳು ದಿನ ಕಮ್ಮಿಯಾದ್ರೆ ರಜೆ ಕೊಡೋಕಾಗಲ್ವಾ? ಅವಳ ಹೊಟ್ಟೆ ನೋಡಿ,” ಎಂದೆ.

“ಪುಸ್ತ್ಕ ಹೊಟ್ಟೆ ನೋಡಿ ಬರ್ಯಕಾಯ್ತದಾ ತಾಯಿ?” ಎಂದ ಮೇಸ್ತ್ರಿ. ಅವನು ಕೆಟ್ಟವನೇನಲ್ಲ. ಕೂತುಕೊಳ್ಳಲು ಜಯಮ್ಮನಿಗೆ ತನ್ನ ಸ್ಟೂಲನ್ನು ಅವನೇ ತಳ್ಳಿದ. ಕೆಟ್ಟದ್ದು ಆ ಪುಸ್ತಕವನ್ನು ಹಾಗೆ ಬರೆಸುತ್ತಿದ್ದ ಏರ್ಪಾಡು.

ದಾರಿಯಲ್ಲಿ ನಾನು ಮೇಲಿನವರಿಗೆ ದೂರು ಬರೆಯುವ ಮಾತಾಡುತ್ತಿದ್ದೆ. ಜಯಮ್ಮ ನಡುವೆ ತಡೆದಳು.

“ದೂರು ಗೀರು ಬ್ಯಾಡಿ. ಏಳ್ ದಿನ ತಾನೆ ನರ್ಸಮ್ಮ? ಎಲ್ಡು ವಾರ. ನಿಂತ್ ಬತ್ತೀನಿ.”

ಬೇಡವೆಂದು ಹೇಳಿದೆ. ಆದರೆ ಗಟ್ಟಿಯಾಗಿ ಹೇಳಲಿಲ್ಲ. ಇದನ್ನು ಬರೆಯುವಾಗ ಈ ವಾಕ್ಯವನ್ನು ಮೂರು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ನೂರ ಅರವತ್ತು ಎಂಬ ಸಂಖ್ಯೆಯನ್ನು ಅವಳಿಗೆ ಕೊಟ್ಟವಳು ನಾನು. ಅದು ತುಂಬಿ, ನನ್ನ ಮಾತು ಉಳಿಯಲಿ ಎಂಬ ಆಸೆ ನನ್ನೊಳಗೂ ಇತ್ತು. ರಜೆಗೆ ಹಿಂದಿನ ಒಂದು ತಿಂಗಳು, ರಜೆ ಪಡೆಯದಿದ್ದರೆ ಹೆರಿಗೆಗೆ ಮೊದಲಿನ ಆ ಆರು ವಾರವೂ, ಬಸುರಿ ಕೇಳಿಕೊಂಡರೆ ಹೆಚ್ಚು ಹೊತ್ತು ನಿಲ್ಲುವ ಕೆಲಸ ಕೊಡಬಾರದೆಂದು ಅದೇ ಕಿರುಪುಸ್ತಕದಲ್ಲಿತ್ತು. ರಜೆಯ ದಿನಗಳನ್ನು ಎಣಿಸುವ ಆತುರದಲ್ಲಿ ಆ ಪುಟವನ್ನು ನಾನು ಅವಳಿಗೆ ಓದಿಯೇ ಇರಲಿಲ್ಲ.

ಐದನೆಯ ದಿನ, ಮೇ ಮೊದಲ ವಾರ, ಮಧ್ಯಾಹ್ನ ಬೇಸಿನ್ ಮುಂದೆಯೇ ಜಯಮ್ಮನಿಗೆ ನೋವು ಕಾಣಿಸಿತು. ತಿಂಗಳು ತುಂಬಿರಲಿಲ್ಲ. ಗೂಡು ಸಾಗಿಸುವ ಆಟೋದಲ್ಲಿ ಹೆಂಗಸರು ಅವಳನ್ನು ಆಸ್ಪತ್ರೆಗೆ ತಂದರು. ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಗಂಡು ಮಗು ಹುಟ್ಟಿ ಒಂದೂವರೆ ಗಂಟೆ ಉಸಿರಾಡಿ ತೀರಿಕೊಂಡಿತ್ತು. ನಿಂತು ಕೆಲಸ ಮಾಡಿದ್ದರಿಂದಲೇ ಹೀಗಾಯಿತೆಂದು ಯಾವ ವೈದ್ಯರೂ ಬರೆದುಕೊಡಲಿಲ್ಲ. ಹಾಗೆ ಸಾಬೀತುಪಡಿಸಲು ನನ್ನಿಂದಲೂ ಆಗದು. ಕೆಂಪಮ್ಮ ಮಗುವನ್ನು ತನ್ನ ಸೆರಗಿನಲ್ಲಿ ಸುತ್ತಿಕೊಂಡು ವರಾಂಡದಲ್ಲಿ ಕೂತಿದ್ದಳು. ನನ್ನನ್ನು ನೋಡಿ ಸೆರಗನ್ನು ಮಗುವಿನ ಮುಖದ ಮೇಲೆ ಎಳೆದಳು.

ಘಟಕದವರು ಜಯಮ್ಮನ ಬೇಸಿನ್ನನ್ನು ಆ ವಾರವೇ ಇನ್ನೊಬ್ಬಳಿಗೆ ಕೊಟ್ಟರು. ಪುಸ್ತಕದ ಪ್ರಕಾರ ಅವಳಿಗೆ ನೂರ ಐವತ್ತೆಂಟು ದಿನವಾಗಿತ್ತು. ಕಡಿಮೆ ಎರಡು.

ನಾನು ಕಾರ್ಮಿಕ ಇಲಾಖೆಗೆ ದೂರು ಬರೆದೆ. ಆಧಾರ ಬೇಕಲ್ಲ. ಅಮಾವಾಸ್ಯೆಯ ರಜೆಯ ದಿನ ಹನ್ನೊಂದು ಹೆಂಗಸರು ಉಪಕೇಂದ್ರದ ನೆಲದ ಮೇಲೆ ಕೂತು, ಯಾರ ಮನೆಯ ಬೆಳೆ ಎಂದು ಹಣ್ಣಾಯಿತು, ಅಂದು ಯಾರ ಬೇಸಿನ್ನಿನಲ್ಲಿ ಯಾರು ನಿಂತರು ಎಂದು ಒಂದೊಂದಾಗಿ ಹೇಳಿದರು. “ಗೌರಿ ಹಬ್ಬದ್ ಬೆಳೇಲಿ ಮೂರ್ ದಿನ ನನ್ ಬಿಲ್ಲೇಲಿ ಜಯಾನೇ ನಿಂತಿದ್ದು, ನಮ್ಮವ್ವನ ಮೇಲಾಣೆ,” ಎಂದಳು ನಿಂಗಿ. ಹದಿನೆಂಟೂ ದಿನ ಸಿಕ್ಕವು. ಯಾವ ದಿನಕ್ಕೂ ಎರಡು ಮಾತು ಬರಲಿಲ್ಲ. ಹನ್ನೊಂದು ಹೆಬ್ಬೆಟ್ಟಿನ ಗುರುತುಗಳೊಡನೆ ಪಟ್ಟಿಯನ್ನು ಕಳಿಸಿದೆ. ತಪಾಸಣೆಗೆ ಬಂದ ಅಧಿಕಾರಿ ಸಜ್ಜನ. ಪಟ್ಟಿ ನಂಬುವಂತಿದೆ, ಆದರೆ ಪುಸ್ತಕವನ್ನು ಅಲ್ಲಗಳೆಯಲು ಇದು ಸಾಲದು ಎಂದರು. ಕಡತ ಮುಚ್ಚಿತು.

ಅದರ ಫಲ ಬೇರೆಯೇ ಆಯಿತು. ಮರುತಿಂಗಳಿಂದ ಬಿಲ್ಲೆಯ ಜೊತೆ ಮುಖವನ್ನೂ ನೋಡಿ ಒಳಗೆ ಬಿಡುವ ಪದ್ಧತಿ ಬಂತು. ಮುಯ್ಯಿ ನಿಂತಿತು. ಮನೆಯಲ್ಲಿ ಹುಳ ಹಣ್ಣಾದಾಗ ಬೇಸಿನ್ ಬಿಟ್ಟ ಇಬ್ಬರು ಕೆಲಸ ಕಳೆದುಕೊಂಡರು. ಅವರಲ್ಲಿ ನಿಂಗಿ ಒಬ್ಬಳು. ನಾನು ಅನ್ಯಾಯವನ್ನು ಹೆಸರಿಟ್ಟು ಕರೆದೆ. ದಂಡ ತೆತ್ತವರು ಹೆಬ್ಬೆಟ್ಟು ಒತ್ತಿದವರು.

ಜಯಮ್ಮ ಮತ್ತೆ ವಂಕಿ ಹಾಕಿಸಿಕೊಂಡಳು. ಆಮೇಲೆ ಬೇರೆ ಘಟಕಕ್ಕೆ ಸೇರಿದಳು. 1988ರ ಬೇಸಿಗೆಯಲ್ಲಿ ಒಬ್ಬಳೇ ಉಪಕೇಂದ್ರಕ್ಕೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ತೆಗೆಯಬೇಕೆಂದಳು. ಅಭ್ಯಾಸಬಲದಿಂದ ನನ್ನ ಕೈ ಚೀಟಿ ಪೆನ್ನಿನ ಕಡೆ ಹೋಯಿತು.

“ಅದ್ನ ಒಳಗ್ ಮಡಗಿ ನರ್ಸಮ್ಮ,” ಎಂದಳು, ಸಿಟ್ಟಿಲ್ಲದ ದನಿಯಲ್ಲಿ. “ಈ ಸಲ ಲೆಕ್ಕ ನಾನ್ ಹಾಕಿವ್ನಿ. ಈಗಿನ್ ಮೇಸ್ತ್ರಿ ತಾವ ದಿನಾ ಪುಸ್ತ್ಕ ತೆಗಿಸಿ ನನ್ ಹೆಸ್ರು ಎಲ್ಲೈತೆ ತೋರ್ಸು ಅಂತೀನಿ. ಓದಕ್ ಬರಲ್ಲ, ಆದ್ರೆ ನನ್ ಹೆಸ್ರು ಹೆಂಗಿರ್ತದೆ ಅಂತ ಮಗಳತ್ರ ಕಲ್ತಿವ್ನಿ. ನೀವು ಬರೀ ತೆಗೀರಿ.”

ತೆಗೆದೆ. ಮುಂದೆ ಕಾನೂನು ಆ ನೂರ ಅರವತ್ತನ್ನು ಎಂಬತ್ತಕ್ಕೆ ಇಳಿಸಿತು. ಜಯಮ್ಮನ ನೂರ ಐವತ್ತಮೂರು ಅದರ ಹತ್ತಿರ ಹತ್ತಿರ ಎರಡರಷ್ಟು.

ಆಮೇಲಿನ ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ, ಕೆಲಸಕ್ಕೆ ಸೇರಿ ಮಗುವಿನ ಮಾತೆತ್ತಿದ ಯಾವ ಹೆಂಗಸಿಗೂ ನಾನು ಮೊದಲು ಕಾನೂನು ಓದಿ ಹೇಳಲಿಲ್ಲ. ನಿನ್ನ ದಿನವನ್ನು ಯಾರು ಬರೆಯುತ್ತಾರೆ, ನೀನಿಲ್ಲದ ದಿನ ನಿನ್ನ ಜಾಗದಲ್ಲಿ ಯಾರು ನಿಲ್ಲುತ್ತಾರೆ ಎಂದು ಕೇಳಿದೆ. ಉತ್ತರ ಪೂರ್ತಿಯಾಗಿ ಸಿಗುವವರೆಗೆ ಚೀಲದಿಂದ ಕಿರುಪುಸ್ತಕವನ್ನು ಹೊರತೆಗೆಯಲಿಲ್ಲ.